ಮುಷ್ಕರದ ತಲೆಗೆ ಕಟ್ಟಿದ ಪಾಪ

"ಬೊಂಬಾಯಿ ಹಾಳಾದದ್ದೇ ಯೂನಿಯನ್ನಿನಿಂದ." ಮಾಟುಂಗ, ಸಯನ್, ವಡಾಲ ಕಡೆಯ ಕನ್ನಡಿಗರ ನಡುವೆ ಈ ಮಾತಿಗೆ ಎದುರು ಮಾತು ಹುಟ್ಟುವುದು ಅಪರೂಪ. ಮದುವೆಯ ಪಂಕ್ತಿಯಲ್ಲಿ, ಸಂಘದ ವಾರ್ಷಿಕೋತ್ಸವದ ಬಿಡುವಿನಲ್ಲಿ, ಹೋಟೆಲಿನ ಗಲ್ಲಾದ ಹಿಂದೆ, ಎಲ್ಲಿ ಕೇಳಿದರೂ ಕತೆ ಒಂದೇ. ಪರೇಲ್, ಲಾಲ್‌ಬಾಗ್‌ಗಳಲ್ಲಿ ಗಿರಣಿಗಳು ಭರ್ಜರಿಯಾಗಿ ನಡೆದಿದ್ದವು, ದತ್ತಾ ಸಾಮಂತ್ ಎಂಬ ಡಾಕ್ಟರು ಬಂದರು, ಮುಷ್ಕರ ಹೂಡಿಸಿದರು, ಗಿರಣಿಗಳು ಮುಚ್ಚಿದವು, ಬಡವರು ಬೀದಿಗೆ ಬಿದ್ದರು. ಕತೆಯ ಬಾಲಕ್ಕೊಂದು ಬುದ್ಧಿವಾದವೂ ಅಂಟಿಕೊಂಡಿರುತ್ತದೆ: ಇನ್ನು ಯೂನಿಯನ್ನಿನ ಗೊಡವೆ ಬೇಡ, ದುಡಿಯುವವನಿಗೆ ಕಷ್ಟ ಬಂದರೆ ನೇರವಾಗಿ ಧಣಿಯ ಹತ್ತಿರ ಹೇಳಿಕೊಳ್ಳಲಿ.

ಹೇಳಿ ಹೇಳಿ ಈ ಕತೆ ನುಣುಪಾಗಿದೆ. ತಾರೀಖುಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಮಾತ್ರ ಒಂದು ಕಾಲೂ ನೆಲಕ್ಕೆ ತಾಗುವುದಿಲ್ಲ.

ಮುಷ್ಕರ ಶುರುವಾದದ್ದು 1982ರ ಜನವರಿ 18ರಂದು. ಸುಮಾರು ಅರವತ್ತು ಗಿರಣಿಗಳ ಎರಡೂವರೆ ಲಕ್ಷದಷ್ಟು ಕಾರ್ಮಿಕರು ಹೊರಗೆ ಬಂದರು. ಆದರೆ ಅದಕ್ಕೂ ಎಂಟು ವರ್ಷ ಮೊದಲೇ, 1974ರಲ್ಲಿ, ಕೇಂದ್ರ ಸರ್ಕಾರ ದೇಶದ 103 ಗಿರಣಿಗಳನ್ನು ರಾಷ್ಟ್ರೀಕರಣ ಮಾಡಿ ರಾಷ್ಟ್ರೀಯ ಜವಳಿ ನಿಗಮದ ಮಡಿಲಿಗೆ ಹಾಕಿತ್ತು. ಆ ಕಾಯ್ದೆಯ ಹೆಸರಿನಲ್ಲೇ 'ರೋಗಗ್ರಸ್ತ' ಎಂಬ ಮಾತಿತ್ತು, ಆ ಪಟ್ಟಿಯಲ್ಲಿ ಮುಂಬಯಿಯ ಗಿರಣಿಗಳೂ ಇದ್ದವು. ಸಾಮಂತ್ ಆಗಿನ್ನೂ ಜವಳಿ ಗಿರಣಿಗಳ ಕಡೆ ತಲೆ ಹಾಕಿರಲಿಲ್ಲ. ಲಾಭದ ದಿನಗಳಲ್ಲಿ ಬಂದ ಹಣವನ್ನು ಎಷ್ಟೋ ಮಾಲೀಕರು ಹೊಸ ಮಗ್ಗಕ್ಕೆ ಹಾಕದೆ ಬೇರೆ ವ್ಯವಹಾರಕ್ಕೆ ಹೊರಳಿಸಿದ್ದರು. ನಗರದಿಂದ ಅಷ್ಟೇನೂ ದೂರವಿಲ್ಲದ ಭಿವಂಡಿಯಲ್ಲಿ ಪವರ್‌ಲೂಮ್‌ಗಳು ಹಗಲೂ ರಾತ್ರಿ ಓಡುತ್ತಿದ್ದವು. ಅಲ್ಲಿ ಗ್ರಾಚ್ಯುಯಿಟಿ ಇಲ್ಲ, ಬೋನಸ್ ಇಲ್ಲ, ಕೆಲಸದ ಹೊತ್ತಿಗೆ ಲೆಕ್ಕ ಇಲ್ಲ. ಮುಷ್ಕರ ನಡೆದಿದ್ದಾಗಲೇ ಕೆಲವು ಗಿರಣಿಗಳು ಅಲ್ಲಿ ಬಟ್ಟೆ ನೇಯಿಸಿ ತಮ್ಮ ಮುದ್ರೆ ಒತ್ತಿ ಮಾರಿದವು. ಮುಷ್ಕರವನ್ನು ಅಷ್ಟು ದೀರ್ಘ ಕಾಲ ತಾಳಿಕೊಳ್ಳುವ ಶಕ್ತಿ ಮಾಲೀಕರಿಗೆ ಎಲ್ಲಿಂದ ಬಂತು ಎನ್ನುವುದಕ್ಕೆ ಇದೊಂದು ಉತ್ತರ.

ಇಷ್ಟು ಸಾಲದೆನ್ನುವವರು ಅಹಮದಾಬಾದಿನ ಕಡೆ ನೋಡಲಿ. ಅಲ್ಲಿ 1920ರಿಂದ ಇದ್ದದ್ದು ಗಾಂಧೀಜಿ ಮತ್ತು ಅನಸೂಯಾ ಸಾರಾಭಾಯಿ ಕಟ್ಟಿ ಬೆಳೆಸಿದ ಮಜೂರ್ ಮಹಾಜನ. ಜಗಳಕ್ಕಿಂತ ಪಂಚಾಯ್ತಿಯೇ ಮೇಲು ಎಂದು ನಂಬಿದ್ದ, ಮಾಲೀಕರಿಗೆ ಕೈಮುಗಿದು ಮಾತಾಡುತ್ತಿದ್ದ ಸಂಘಟನೆ ಅದು. ಅಲ್ಲಿ ಸಾಮಂತ್ ಇರಲಿಲ್ಲ, 1982 ಇರಲಿಲ್ಲ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಅಲ್ಲಿನ ಗಿರಣಿಗಳೂ ಸಾಲುಸಾಲಾಗಿ ಬಾಗಿಲು ಹಾಕಿದವು. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿ ಇವತ್ತು ಬೆಣ್ಣೆದೋಸೆಯ ಹೆಸರು ಉಳಿದಷ್ಟು ಗಿರಣಿಯ ಹೆಸರು ಉಳಿದಿಲ್ಲ. ಒಂದೇ ರೋಗಕ್ಕೆ ಮೂರು ಊರುಗಳು ಬಲಿಯಾಗಿರುವಾಗ ಒಂದೂರಿನ ಡಾಕ್ಟರ ಮೇಲೆ ಕೊಲೆಯ ಆರೋಪ ಹೊರಿಸುವುದು ಯಾವ ನ್ಯಾಯ?

ಸಾಮಂತ್ ತಪ್ಪೇ ಮಾಡಲಿಲ್ಲ ಎಂದೇನೂ ಅಲ್ಲ. ಎಂಜಿನಿಯರಿಂಗ್ ಕಂಪನಿಗಳಲ್ಲಿ ಗೆದ್ದ ವರಸೆಯನ್ನೇ ಬಡಕಲಾಗಿದ್ದ ಗಿರಣಿಗಳ ಮೇಲೂ ಪ್ರಯೋಗಿಸಿದರು. ಕಂಪನಿಯ ಲೆಕ್ಕಪತ್ರ ನೋಡುವುದು ತಮ್ಮ ಕೆಲಸವಲ್ಲ ಎಂಬ ಅವರ ಧೋರಣೆ ದುಬಾರಿಯಾಯಿತು. ಯಾವ ಹಂತದಲ್ಲಿ ಹಿಂದೆ ಸರಿದು ಸಿಕ್ಕಷ್ಟನ್ನು ಕಟ್ಟಿಕೊಳ್ಳಬೇಕೆಂಬ ಲೆಕ್ಕ ಅವರಲ್ಲಿ ಇರಲಿಲ್ಲ. ಮುಷ್ಕರ ಅಧಿಕೃತವಾಗಿ ಕೊನೆಗೊಳ್ಳಲೇ ಇಲ್ಲ, ಕರಗಿಹೋಯಿತು. ಲಕ್ಷಕ್ಕೂ ಮಿಕ್ಕಿ ಜನ ಕೆಲಸ ಕಳೆದುಕೊಂಡರು. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಎರಡೂವರೆ ಲಕ್ಷ ಜನ ಜವಳಿಯ ಗಂಧವೇ ಇಲ್ಲದ ಹೊರಗಿನವನೊಬ್ಬನ ಮನೆ ಬಾಗಿಲಿಗೆ ಯಾಕೆ ಹೋದರು?

ಉತ್ತರ 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯ್ದೆಯಲ್ಲಿದೆ. ಅದರ ಪ್ರಕಾರ ಒಂದು ಪ್ರದೇಶದ ಒಂದು ಉದ್ಯಮದಲ್ಲಿ ಶೇಕಡಾ 25ರಷ್ಟು ಕಾರ್ಮಿಕರ ಸದಸ್ಯತ್ವ ತೋರಿಸಿದ ಸಂಘ 'ಪ್ರಾತಿನಿಧಿಕ ಯೂನಿಯನ್' ಆಗುತ್ತಿತ್ತು. ಮಾಲೀಕರ ಜೊತೆ ಮಾತಾಡುವ ಹಕ್ಕು ಅದೊಂದಕ್ಕೇ. ಉಳಿದ ಮುಕ್ಕಾಲು ಪಾಲು ಜನರ ಪರವಾಗಿಯೂ ಅದೇ ಸಹಿ ಹಾಕುತ್ತಿತ್ತು. ಮುಂಬಯಿ ಜವಳಿಯಲ್ಲಿ ಈ ಪಟ್ಟ ಕಾಂಗ್ರೆಸ್ಸಿಗೆ ಸೇರಿದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘದ್ದು. ಕಾರ್ಮಿಕರು ಆ ಸಂಘದ ಮೇಲೆ ನಂಬಿಕೆ ಕಳೆದುಕೊಂಡು ದಶಕಗಳೇ ಆಗಿದ್ದವು, ಆದರೆ ಅದನ್ನು ಇಳಿಸಲು ದಾರಿ ಇರಲಿಲ್ಲ. ಸಂಬಳ ಏರಿಸಿ ಎಂಬುದರ ಜೊತೆಗೆ 1982ರ ಮುಷ್ಕರದ ದೊಡ್ಡ ಬೇಡಿಕೆ ಇದೇ ಆಗಿತ್ತು: ಈ ಕಾಯ್ದೆ ಹೋಗಲಿ, ನಾವು ಆರಿಸಿಕೊಂಡವರು ನಮ್ಮ ಪರ ಮಾತಾಡಲಿ. ಎರಡು ವರ್ಷಗಳ ನಂತರ, ಇಂದಿರಾ ಗಾಂಧಿಯವರ ಹತ್ಯೆಯ ಅನುಕಂಪದ ಅಲೆ ದೇಶವನ್ನೇ ಕೊಚ್ಚಿಕೊಂಡು ಹೋದ 1984ರ ಚುನಾವಣೆಯಲ್ಲಿ, ದಕ್ಷಿಣ ಮಧ್ಯ ಮುಂಬಯಿಯ ಮತದಾರರು ಸಾಮಂತ್ ಅವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿದರು. ಗಿರಣಿಯೊಳಗೆ ಕೊಡದ ಓಟನ್ನು ಜನ ಹೊರಗೆ ಹಾಕಿದರು. ಕಾರ್ಮಿಕರ ಬಾಯಿ ದೊಡ್ಡದಾಗಿ ಗಿರಣಿ ಕೆಟ್ಟಿತೆಂದು ಹೇಳುವವರು ಈ ಕಾಯ್ದೆಯ ಹೆಸರನ್ನಾದರೂ ಒಮ್ಮೆ ಎತ್ತಬೇಕು. ಎತ್ತುವುದಿಲ್ಲ.

ಭೂಮಿಯ ಮಾತನ್ನೂ ಅವರು ಎತ್ತುವುದಿಲ್ಲ. ಗಿರಣಿಗಳು ಕೂತಿದ್ದದ್ದು ನಗರದ ನಟ್ಟನಡುವೆ, ಸುಮಾರು 600 ಎಕರೆಯ ಮೇಲೆ. 1991ರ ನಿಯಮದಂತೆ ಆ ಜಾಗದಲ್ಲಿ ಮೂರರಲ್ಲೊಂದು ಪಾಲು ಬಯಲಿಗೆ, ಇನ್ನೊಂದು ಪಾಲು ಬಡವರ ಮನೆಗಳಿಗೆ ಹೋಗಬೇಕಿತ್ತು. 2001ರಲ್ಲಿ ರಾಜ್ಯ ಸರ್ಕಾರ ನಿಯಮವನ್ನು ತಿದ್ದಿ, ಹಂಚಿಕೆ ಖಾಲಿ ಜಾಗಕ್ಕೆ ಮಾತ್ರ ಅನ್ವಯ ಎಂದಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಶೆಡ್ಡು, ಗೋದಾಮುಗಳಿಂದ ತುಂಬಿದ ಗಿರಣಿಯಲ್ಲಿ ಖಾಲಿ ಜಾಗ ಎಷ್ಟಿದ್ದೀತು? 2005ರ ಹರಾಜಿನಲ್ಲಿ ಜವಳಿ ನಿಗಮದ ಮುಂಬಯಿ ಟೆಕ್ಸ್‌ಟೈಲ್ ಮಿಲ್ಲಿನ ಜಾಗ 702 ಕೋಟಿ ರೂಪಾಯಿಗೆ ಹೋಯಿತು, ದಾದರಿನ ಕೊಹಿನೂರ್ ಮೂರನೇ ಮಿಲ್ಲು 421 ಕೋಟಿಗೆ. ಫೀನಿಕ್ಸ್ ಮಿಲ್ಲಿನಲ್ಲಂತೂ ಕಾರ್ಮಿಕರ ಮನರಂಜನೆಗೆಂದು ಅನುಮತಿ ಪಡೆದ ಕಟ್ಟಡದಲ್ಲಿ ಎದ್ದುನಿಂತದ್ದು ಬೌಲಿಂಗ್ ಆಲಿ. ನೂಲು ತೆಗೆದು ಸವೆದ ಯಾವ ಕೈ ಅಲ್ಲಿ ಚೆಂಡು ಉರುಳಿಸಿತೋ ದೇವರೇ ಬಲ್ಲ. ಬಟ್ಟೆಗಿಂತ ಮಣ್ಣಿಗೆ ನೂರು ಪಟ್ಟು ಬೆಲೆ ಬಂದಾಗ ಗಿರಣಿ ನಡೆಸುವ ಉಮೇದು ಯಾರಿಗೆ ಉಳಿದೀತು?

"ಅದೆಲ್ಲ ಹಳೆ ಪುರಾಣ, ಈಗ ಯಾಕೆ?" ಎನ್ನುವುದು ಎರಡನೇ ವಾದ. ಇದಕ್ಕೆ ಉತ್ತರ ಹುಡುಕಲು ಸಯನ್ ಬಿಟ್ಟು ಹೋಗಬೇಕಾಗಿಲ್ಲ.

ಸ್ಟೇಷನ್ನಿಗೆ ಹತ್ತಿರದಲ್ಲೇ ಇರುವ ಲೋಕಮಾನ್ಯ ತಿಲಕ್ ಆಸ್ಪತ್ರೆಯನ್ನು ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ, ಅದು ಸಯನ್ ಆಸ್ಪತ್ರೆ. ಧಾರಾವಿಯ ಹೆರಿಗೆಗಳು, ಹೆದ್ದಾರಿಯ ಅಪಘಾತಗಳು ಎಲ್ಲ ಅಲ್ಲಿಗೇ ಬರುತ್ತವೆ. 2017ರ ಮಾರ್ಚ್‌ನಲ್ಲಿ ಧುಳೆಯಲ್ಲಿ ಒಬ್ಬ ನಿವಾಸಿ ವೈದ್ಯರ ಕಣ್ಣಿಗೆ ಏಟು ಬೀಳುವಂತೆ ರೋಗಿಯ ಕಡೆಯವರು ಹೊಡೆದರು. ಕೆಲವೇ ದಿನಗಳಲ್ಲಿ ಸಯನ್ ಆಸ್ಪತ್ರೆಯಲ್ಲೂ ಹಲ್ಲೆ ನಡೆಯಿತು. ರಾಜ್ಯದಾದ್ಯಂತ ನಿವಾಸಿ ವೈದ್ಯರು ಸಾಮೂಹಿಕ ರಜೆ ಹಾಕಿದರು. ಆಗ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಕರ್ನಾಟಕದವರೇ ಆದ ಮಂಜುಳಾ ಚೆಲ್ಲೂರ್. ಕಾರ್ಖಾನೆ ಕೆಲಸಗಾರರ ಹಾಗೆ ಹೀಗೆ ಪ್ರತಿಭಟಿಸುವುದು ವೈದ್ಯರಿಗೆ ತಕ್ಕುದಲ್ಲ, ಕೆಲಸ ಬೇಡವಾದರೆ ರಾಜೀನಾಮೆ ಕೊಡಿ ಎಂಬ ಅರ್ಥದಲ್ಲಿ ಅವರು ಕಟುವಾಗಿ ತರಾಟೆಗೆ ತೆಗೆದುಕೊಂಡರು. ರೋಗಿಗಳ ಸಂಕಟ ನ್ಯಾಯಾಲಯವನ್ನು ಕಾಡಿದ್ದು ಸಹಜ. ಆದರೆ ಮುಂದೇನಾಯಿತು ಎಂಬುದನ್ನೂ ನೋಡಬೇಕು. ವರ್ಷಗಟ್ಟಲೆ ಮನವಿ ಕೊಟ್ಟರೂ ಅಲುಗಾಡದ ಸರ್ಕಾರ ಆ ವಾರ 1,100 ಭದ್ರತಾ ಸಿಬ್ಬಂದಿಯನ್ನು ಆಸ್ಪತ್ರೆಗಳಿಗೆ ನೇಮಿಸುವ ಮಾತು ಕೊಟ್ಟಿತು. ಮನವಿಯಿಂದ ಆಗದ್ದು ರಜೆಯಿಂದ ಆಯಿತು. ಸಮಸ್ಯೆ ಅಲ್ಲಿಗೇ ಮುಗಿಯಲಿಲ್ಲ. 2024ರ ಆಗಸ್ಟ್‌ನಲ್ಲಿ, ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಕೊಲೆ ಪ್ರಕರಣಕ್ಕೆ ದೇಶವೇ ಸಿಡಿದೆದ್ದಿದ್ದ ದಿನಗಳಲ್ಲೇ, ಇದೇ ಆಸ್ಪತ್ರೆಯಲ್ಲಿ ಮಹಿಳಾ ವೈದ್ಯರೊಬ್ಬರ ಮೇಲೆ ಕುಡಿದು ಬಂದ ರೋಗಿ ಮತ್ತು ಅವನ ಕಡೆಯವರು ಕೈ ಮಾಡಿದರು.

ವೈದ್ಯರಾದರೂ ಓದಿದವರು, ಪತ್ರಿಕೆಯವರ ಫೋನ್ ನಂಬರು ಅವರ ಹತ್ತಿರ ಇರುತ್ತದೆ. ಅದೇ ಆಸ್ಪತ್ರೆಯ ಹೊರಗಿನ ರಸ್ತೆಯ ಕಸ ಎತ್ತುವವರ ಕತೆ ಬೇರೆ. ಮುಂಬಯಿ ಪಾಲಿಕೆ ಕಸದ ಕೆಲಸವನ್ನು ಸಣ್ಣ ಸಣ್ಣ ಗುತ್ತಿಗೆಗಳಾಗಿ ಒಡೆದು ಕೊಡುತ್ತಿತ್ತು. ಗುತ್ತಿಗೆ ಕಾರ್ಮಿಕರ ಕಾಯ್ದೆ ಅನ್ವಯವಾಗಲು ಆಗ ಇಪ್ಪತ್ತು ಜನ ಬೇಕಿತ್ತು, ಆದ್ದರಿಂದ ಒಬ್ಬ ಗುತ್ತಿಗೆದಾರನ ಕೈಕೆಳಗೆ ಇಪ್ಪತ್ತಕ್ಕಿಂತ ಕಡಿಮೆ. ಕಾಯಂ ಹಕ್ಕು ಕೇಳಲು ವರ್ಷದಲ್ಲಿ 240 ದಿನದ ಸತತ ಸೇವೆ ಬೇಕಿತ್ತು, ಆದ್ದರಿಂದ ಗುತ್ತಿಗೆಯ ಅವಧಿ ಏಳು ತಿಂಗಳು. ಕೆಲವು ಯೋಜನೆಗಳಲ್ಲಂತೂ ಅವರು ಕಾರ್ಮಿಕರೇ ಅಲ್ಲ, ಕಾಗದದ ಮೇಲೆ 'ಸ್ವಯಂಸೇವಕರು'. ಸತ್ತ ನಾಯಿಯನ್ನು ಬರಿಗೈಯಲ್ಲಿ ಎತ್ತಿ ಲಾರಿಗೆ ಹಾಕುವ ಸ್ವಯಂಸೇವೆ! ಇವರನ್ನು ಒಟ್ಟುಗೂಡಿಸಿದ್ದು 1997ರಲ್ಲಿ ಮಿಲಿಂದ್ ರಾನಡೆ ಮತ್ತು ಸಂಗಡಿಗರು ಕಟ್ಟಿದ ಕಚರಾ ವಾಹತೂಕ್ ಶ್ರಮಿಕ ಸಂಘ. ಹಾಜರಿ ಚೀಟಿ, ಗುರುತಿನ ಚೀಟಿ, ಸಹಿಯಿಲ್ಲದ ಪಾವತಿ, ಸಿಕ್ಕಿದ್ದನ್ನೆಲ್ಲ ಜೋಡಿಸಿ ಟ್ರಿಬ್ಯೂನಲ್, ಹೈಕೋರ್ಟ್ ಹತ್ತಿಳಿದು, 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಿಂದ 2,700 ಜನರನ್ನು ಕಾಯಂ ಮಾಡಬೇಕೆಂಬ ಆದೇಶ ತಂದರು. ಗೆದ್ದ ಮೇಲೂ ಪಾಲಿಕೆಯ ಗುಮಾಸ್ತಿಕೆ ಬಿಡಲಿಲ್ಲ. ಪಟ್ಟಿಯಲ್ಲಿ ಒಂದು ಕಾಗುಣಿತ, ಆಧಾರಿನಲ್ಲಿ ಇನ್ನೊಂದು ಎಂದು ಎಷ್ಟೋ ಜನರ ನೇಮಕವನ್ನು ವರ್ಷಗಟ್ಟಲೆ ತಡೆಹಿಡಿದರು. ಇಂಥ ಒಬ್ಬ ಕಾರ್ಮಿಕ "ನೇರವಾಗಿ ಧಣಿಯ ಹತ್ತಿರ" ಹೋಗುವುದೆಂದರೆ ಯಾರ ಹತ್ತಿರ? ಗುತ್ತಿಗೆದಾರನೋ, ವಾರ್ಡ್ ಆಫೀಸೋ, ಕಮಿಷನರೋ? ಧಣಿ ಯಾರೆಂಬುದನ್ನು ಸಾಬೀತು ಮಾಡುವುದಕ್ಕೇ ಇಪ್ಪತ್ತು ವರ್ಷ ಹಿಡಿಯಿತು.

ನಗರ ಸಾರಿಗೆ ಸಂಸ್ಥೆ ಬೆಸ್ಟ್‌ನ ಬಸ್ಸಿನ ಕತೆ ಯೂನಿಯನ್ ಪರ ವಾದಿಸುವವರಿಗೂ ಅಷ್ಟು ಹಿತವಾಗಿಲ್ಲ. 2019ರ ಜನವರಿಯಲ್ಲಿ ಒಂಬತ್ತು ದಿನ ಬಸ್ಸು ನಿಂತವು. ಸುಮಾರು ಮೂವತ್ತೆರಡು ಸಾವಿರ ನೌಕರರು ಹೊರಗಿದ್ದರು. ಕೊನೆಗೆ ಹೈಕೋರ್ಟ್ ಮಧ್ಯಸ್ಥಿಕೆಗೆ ನಿವೃತ್ತ ನ್ಯಾಯಮೂರ್ತಿಯನ್ನು ನೇಮಿಸಬೇಕಾಯಿತು. ಅದೇ ವರ್ಷ ಜೂನ್‌ನಲ್ಲಿ ಯೂನಿಯನ್ ಒಂದು ಒಪ್ಪಂದಕ್ಕೆ ಬಂತು. ಬೆಸ್ಟ್ ತನ್ನದೇ 3,337 ಬಸ್ಸುಗಳನ್ನು ಇಟ್ಟುಕೊಳ್ಳಬೇಕು, ಅದರ ಮೇಲೆ ಬಾಡಿಗೆ ಬಸ್ಸುಗಳು ಬರಬಹುದು. ಬಾಡಿಗೆ ಬಸ್ಸುಗಳು ಬಂದವು. ಸ್ವಂತ ಬಸ್ಸುಗಳು ಮುದಿಯಾಗಿ ಗುಜರಿಗೆ ಹೋದವೇ ವಿನಾ ಆ ಜಾಗ ತುಂಬಲಿಲ್ಲ. ಕಾಯಂ ನೌಕರರ ಯೂನಿಯನ್ನುಗಳು ಬಾಡಿಗೆ ಬಸ್ಸು ಓಡಿಸುವ ಖಾಸಗಿ ಕಂಪನಿಗಳ ಡ್ರೈವರುಗಳನ್ನು ಬಹುಕಾಲ ತಮ್ಮವರೆಂದು ಎಣಿಸಲಿಲ್ಲ. 2023ರ ಆಗಸ್ಟ್‌ನಲ್ಲಿ ಈ ಡ್ರೈವರುಗಳು ಯಾವ ಯೂನಿಯನ್ನಿನ ಕರೆಯೂ ಇಲ್ಲದೆ ಡಿಪೋ ಡಿಪೋಗಳಲ್ಲಿ ಬಸ್ಸು ನಿಲ್ಲಿಸಿ ಆಜಾದ್ ಮೈದಾನಕ್ಕೆ ಹೋದರು. ಅಷ್ಟು ಹೊತ್ತಿಗೆ ನಗರದ ಅರ್ಧಕ್ಕಿಂತ ಹೆಚ್ಚು ಬಸ್ಸುಗಳು ಬಾಡಿಗೆಯವೇ ಆಗಿದ್ದವು. ಆ ವಾರವಿಡೀ ಪ್ರಯಾಣಿಕರು ಸ್ಟಾಪುಗಳಲ್ಲಿ ಕಾದು ಸುಸ್ತಾಗಿ ಶೇರ್ ಟ್ಯಾಕ್ಸಿ ಹಿಡಿದರು.

ನಂತರ 2024ರ ಡಿಸೆಂಬರ್ 9ರ ರಾತ್ರಿ, ಸಯನ್ನಿನ ಪಕ್ಕದ ಕುರ್ಲಾದಲ್ಲಿ, ಬೆಸ್ಟ್‌ಗಾಗಿ ಗುತ್ತಿಗೆಯಲ್ಲಿ ಓಡುತ್ತಿದ್ದ ಎಲೆಕ್ಟ್ರಿಕ್ ಬಸ್ಸೊಂದು ಜನಸಂದಣಿಯ ರಸ್ತೆಯಲ್ಲಿ ವಾಹನಗಳಿಗೂ ಪಾದಚಾರಿಗಳಿಗೂ ಗುದ್ದಿಕೊಂಡು ಹೋಯಿತು. ಏಳು ಜನರ ಸಾವು ಮೊದಲೇ ಖಚಿತವಾಯಿತು, ಆಮೇಲೆ ಸಂಖ್ಯೆ ಏರಿತು. ಡ್ರೈವರ್ ಬಂಧನವಾಯಿತು. ಅಷ್ಟು ದೊಡ್ಡ ಆಟೊಮ್ಯಾಟಿಕ್ ಬಸ್ಸಿಗೆ ಕೊಟ್ಟ ತರಬೇತಿ ಸಾಕಾಗಿತ್ತೇ ಎಂಬ ಪ್ರಶ್ನೆ ಮರುದಿನದಿಂದಲೇ ಪತ್ರಿಕೆಗಳಲ್ಲಿ ಬಂತು. ತಪ್ಪು ಯಾರದೆಂದು ನ್ಯಾಯಾಲಯ ತೀರ್ಮಾನಿಸಲಿ. ಕೆಲಸದ ಜಾಗದಲ್ಲಿ ದನಿ ಇರುವುದೆಂದರೆ ಬರೀ ಸಂಬಳದ ಚೌಕಾಸಿ ಎಂದು ತಿಳಿದವರು ಮಾತ್ರ ಇಲ್ಲೊಂದು ಕ್ಷಣ ನಿಲ್ಲಬೇಕು. "ಈ ಗಾಡಿ ನನಗಿನ್ನೂ ಕೈಗೆ ಹತ್ತಿಲ್ಲ, ಇನ್ನೂ ನಾಲ್ಕು ದಿನ ಕಲಿಸಿ" ಎಂದು ಗುತ್ತಿಗೆಯ ಡ್ರೈವರೊಬ್ಬ ಡಿಪೋದಲ್ಲಿ ಹೇಳಿದರೆ ಮಾರನೇ ದಿನ ಅವನಿಗೆ ಡ್ಯೂಟಿ ಸಿಗುತ್ತದೆಯೇ? ಹಾಗೆ ಹೇಳಿಯೂ ಕೆಲಸ ಉಳಿಸಿಕೊಳ್ಳಬಲ್ಲ ಸ್ಥಿತಿಗೇ ಯೂನಿಯನ್ ಎನ್ನುವುದು. ಅದರ ಲಾಭ ರಸ್ತೆ ದಾಟುವವನಿಗೂ ಸೇರುತ್ತದೆ.

ಇನ್ನು ನಮ್ಮವರ ಹೋಟೆಲು. ಇಲ್ಲಿ ವಾದದ ದನಿ ಬದಲಾಗಿ ಮೃದುವಾಗುತ್ತದೆ. "ಊರ ಹುಡುಗರು, ಮನೆಮಕ್ಕಳ ಹಾಗೆ ನೋಡಿಕೊಳ್ಳುತ್ತೇವೆ; ಊಟ, ವಸತಿ, ಊರಿಗೆ ಹೋಗುವಾಗ ಕೈಗಿಷ್ಟು; ಇವರಿಗೆಂಥ ಯೂನಿಯನ್?" ಜೊತೆಗೆ ಮಾಣಿಯಾಗಿ ಬಂದು, ರಾತ್ರಿಶಾಲೆಯಲ್ಲಿ ಓದಿ ಮಾಲೀಕನಾದವರ ಹೆಸರುಗಳು. ಆ ಹೆಸರುಗಳು ನಿಜ, ಆ ರಾತ್ರಿಶಾಲೆಗಳು ಕನ್ನಡಿಗರು ಈ ನಗರದಲ್ಲಿ ಮಾಡಿದ ಅತ್ಯುತ್ತಮ ಕೆಲಸಗಳಲ್ಲೊಂದು. ಆದರೆ ಇಪ್ಪತ್ತು ಜನ ದುಡಿಯುವ ಹೋಟೆಲಿಗೆ ಮಾಲೀಕ ಒಬ್ಬನೇ. ಉಳಿದ ಹತ್ತೊಂಬತ್ತು ಜನ ಮುಸುರೆ ತೊಳೆಯುತ್ತ, ಅಟ್ಟದ ಮೇಲೆ ಮಲಗುತ್ತ, ಬೆಳಗಿನ ಇಡ್ಲಿಯಿಂದ ರಾತ್ರಿಯ ಕೊನೆಯ ಟೇಬಲ್ಲಿನವರೆಗೆ ನಿಂತೇ ವಯಸ್ಸಾದವರು. ಮನೆಮಗನಾದರೆ ಆಸ್ತಿಯಲ್ಲಿ ಪಾಲಿರುತ್ತದೆ. ಇವರಿಗೆ ಪ್ರಾವಿಡೆಂಟ್ ಫಂಡಿನ ಚೀಟಿಯಾದರೂ ಇದೆಯೇ ಎಂದು ಕೇಳಿದರೆ ಮಾತು ಬೇರೆ ಕಡೆಗೆ ತಿರುಗುತ್ತದೆ.

ಒಗ್ಗಟ್ಟಿನ ಮಹಿಮೆ ಗೊತ್ತಿಲ್ಲದವರೇನೂ ಅಲ್ಲ ನಮ್ಮ ಹೋಟೆಲಿಗರು. 1979ರಲ್ಲಿ ಹುಟ್ಟಿದ 'ಆಹಾರ್' ಸಂಘದಲ್ಲಿ ಎಂಟು ಸಾವಿರದಷ್ಟು ಹೋಟೆಲುಗಳಿವೆ, ಕರಾವಳಿಯವರ ಪಾಲು ಅದರಲ್ಲಿ ದೊಡ್ಡದು. ಲೈಸೆನ್ಸ್ ಶುಲ್ಕ, ತೆರಿಗೆ, ಮುಚ್ಚುವ ಹೊತ್ತು, ಎಲ್ಲದಕ್ಕೂ ಅದು ಸರ್ಕಾರದ ಜೊತೆ ಚೌಕಾಸಿ ಮಾಡುತ್ತದೆ, ಮಾಡಲೇಬೇಕು. ಮದ್ಯದ ಮೇಲಿನ ಅಬಕಾರಿ ಸುಂಕ ಶೇಕಡಾ 60 ಏರಿ, ವ್ಯಾಟ್ 5ರಿಂದ 10ಕ್ಕೆ ಜಿಗಿದಾಗ, 2025ರ ಜುಲೈ 14ರಂದು ಇದೇ ಸಂಘದ ಕರೆಗೆ ಮಹಾರಾಷ್ಟ್ರದಾದ್ಯಂತ ಬಾರ್, ಪರ್ಮಿಟ್ ರೂಮುಗಳು ಬಾಗಿಲು ಹಾಕಿದವು. ಒಬ್ಬೊಬ್ಬರೇ ಮಂತ್ರಿಯ ಬಾಗಿಲಿಗೆ ಹೋಗಿ ಕೈಮುಗಿದರೆ ನಡೆಯುವುದಿಲ್ಲವೆಂದು ತಿಳಿದೇ ಬಾಗಿಲು ಹಾಕಿದ್ದು. ಮಾಲೀಕರು ಒಟ್ಟಾಗಿ ಕೆಲಸ ನಿಲ್ಲಿಸಿದರೆ 'ಬಂದ್', ಸಪ್ಲೈಯರುಗಳು ನಿಲ್ಲಿಸಿದರೆ 'ಯೂನಿಯನ್ ಹಾವಳಿ'. ಈ ಚಾಳಿ ಹೊಸತಲ್ಲ. ಮುಂಬಯಿಯ ಗಿರಣಿ ಮಾಲೀಕರು ತಮ್ಮ ಸಂಘ ಕಟ್ಟಿಕೊಂಡದ್ದು 1875ರಲ್ಲಿ. ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕೆಲಸಗಾರರ ಸಂಘ ಕಟ್ಟಿದ್ದು ಒಂಬತ್ತು ವರ್ಷ ತಡವಾಗಿ, 1884ರಲ್ಲಿ. ಇವತ್ತು ಎಲ್ಲರೂ ಅನುಭವಿಸುವ ಭಾನುವಾರದ ರಜೆ 1890ರಲ್ಲಿ ಗಿರಣಿಗಳಿಗೆ ಬಂದದ್ದು ಆ ಎರಡನೇ ಸಂಘದ ಒತ್ತಾಯದಿಂದ.

ಕರಾವಳಿಯವರ ಬಾಯಲ್ಲಿ ಯೂನಿಯನ್ ನಿಂದೆ ಕೇಳಿದಾಗ ಇನ್ನೂ ಒಂದು ವಿಚಿತ್ರ ಕಾಣುತ್ತದೆ. ಬಂದರಿನ ಬದಿಯ ಪಿ. ಡಿ'ಮೆಲ್ಲೊ ರಸ್ತೆಯಲ್ಲಿ ಅವರು ಸಾವಿರ ಸಲ ಓಡಾಡಿರುತ್ತಾರೆ. ಆ ಹೆಸರು ಬಂದರು ಕಾರ್ಮಿಕರನ್ನು ಸಂಘಟಿಸಿ 1958ರಲ್ಲಿ ತೀರಿಕೊಂಡ ಮಂಗಳೂರು ಕಡೆಯ ಪ್ಲಾಸಿಡ್ ಡಿ'ಮೆಲ್ಲೊ ಅವರದು. ಅವರ ಗರಡಿಯಲ್ಲಿ ಪಳಗಿದವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಊರಿನಲ್ಲಿ ಹೋಟೆಲು, ಸಾರಿಗೆ ಕೆಲಸಗಾರರನ್ನು ಒಗ್ಗೂಡಿಸಿ, ಮುಂಬಯಿಗೆ ಬಂದು ಚೌಪಾಟಿಯ ಬಳಿ ಫುಟ್‌ಪಾತಿನಲ್ಲಿ ಮಲಗಿ, ಪಾಲಿಕೆ ನೌಕರರನ್ನೂ ಟ್ಯಾಕ್ಸಿಯವರನ್ನೂ ಕಟ್ಟಿದವರು. 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಜಾರ್ಜ್ ಸೋಲಿಸಿದ್ದಕ್ಕೆ ಕರಾವಳಿಯವರೆಲ್ಲ ಹೆಮ್ಮೆ ಪಡುತ್ತಾರೆ. ಅವರನ್ನು ಗೆಲ್ಲಿಸಿದ ಯೂನಿಯನ್ನಿನ ಬಗ್ಗೆ ಮಾತ್ರ ಹೆಮ್ಮೆ ಇಲ್ಲ.

ಯೂನಿಯನ್ನಿನ ಹುಳುಕುಗಳು ಕಡಿಮೆಯೇನಲ್ಲ. ಸಾಯುವವರೆಗೂ ಕುರ್ಚಿ ಬಿಡದ ಅಧ್ಯಕ್ಷರು, ಅಪ್ಪನಿಂದ ಮಗನಿಗೆ ಇಳಿಯುವ ನಾಯಕತ್ವ, ಎದುರು ಬಣದವರ ತಲೆ ಒಡೆದ ಗೂಂಡಾಗಿರಿ, ಗುತ್ತಿಗೆಯವರನ್ನು ಹತ್ತಿರ ಸೇರಿಸದ ಕಾಯಂನವರ ಸ್ವಾರ್ಥ. ಇವಕ್ಕೆ ಮದ್ದು ಒಳಗಿನ ಚುನಾವಣೆ, ಬಯಲಿನ ಲೆಕ್ಕಪತ್ರ. ಯೂನಿಯನ್ನೇ ಇಲ್ಲದಿದ್ದರೆ ಶಾಂತಿ ಇರುತ್ತದೆ ಎಂಬ ನಂಬಿಕೆಗೆ ಕೋಲಾರದ ನರಸಾಪುರ ಉತ್ತರ ಕೊಟ್ಟಿದೆ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಹೆಚ್ಚಿನವರು ಗುತ್ತಿಗೆಯ ಹುಡುಗ ಹುಡುಗಿಯರು. ಸಂಬಳ ಸರಿಯಾಗಿ ಬಾರದಿದ್ದಾಗ ಹೇಳಿಕೊಳ್ಳಲು ಯೂನಿಯನ್ ಇರಲಿಲ್ಲ. 2020ರ ಡಿಸೆಂಬರ್ 12ರ ಬೆಳಿಗ್ಗೆ ಗಾಜು ಒಡೆದವು, ವಾಹನಗಳು ಮಗುಚಿದವು. ಆಮೇಲೆ ತನಿಖೆಯಾಗಿ ಲೋಪಗಳು ಹೊರಬಂದವು, ಕಂಪನಿ ಕ್ಷಮೆ ಕೇಳಿ ಉಪಾಧ್ಯಕ್ಷರೊಬ್ಬರನ್ನು ತೆಗೆಯಿತು, ಆಪಲ್ ಹೊಸ ಆರ್ಡರ್ ತಡೆಹಿಡಿಯಿತು. ಮೇಜಿನ ಎರಡು ಬದಿಯಲ್ಲಿ ಕೂತು ಒಂದು ಮಧ್ಯಾಹ್ನದಲ್ಲಿ ಬಗೆಹರಿಯಬಹುದಾಗಿದ್ದ ಸಂಬಳದ ಪಟ್ಟಿ ಅದು.

ಕೋಟು ಹಾಕಿದವರು ಯೂನಿಯನ್ ತಮಗೆ ಸಂಬಂಧವಿಲ್ಲದ ವಿಷಯ ಎಂದುಕೊಂಡಿದ್ದಾರೆ. ಚಿತ್ತಾಲರ 'ಶಿಕಾರಿ' ಕಾದಂಬರಿ ಓದಿದವರಿಗೆ ನಾಗಪ್ಪ ಗೊತ್ತು: ಮುಂಬಯಿಯ ದೊಡ್ಡ ಕಂಪನಿಯ ದೊಡ್ಡ ಅಧಿಕಾರಿ, ಕೈಗೆ ಬಂದ ಅಮಾನತಿನ ಪತ್ರ, ಬೆನ್ನಿಗೆ ಯಾರೂ ಇಲ್ಲದ ವಿಚಾರಣೆ. ಹೊಸ ಕಾರ್ಮಿಕ ಸಂಹಿತೆ ಕೂಡ ತಿಂಗಳಿಗೆ 18,000 ರೂಪಾಯಿ ಮೀರಿದ ಸಂಬಳದ ಸೂಪರ್‌ವೈಸರನನ್ನು ಕಾರ್ಮಿಕನೆಂದು ಒಪ್ಪುವುದಿಲ್ಲ. ಮುಂಬಯಿಯಲ್ಲಿ ಅಷ್ಟು ಹಣಕ್ಕೆ ಒಂದು ಬಾಡಿಗೆ ಕೋಣೆ ಸಿಗುವುದೂ ಕಷ್ಟ. ತಮಗೂ ಯೂನಿಯನ್ ಬೇಕೆಂಬುದನ್ನು ಬೆಂಗಳೂರಿನ ಐಟಿ ನೌಕರರು ಬೇಗ ಕಲಿತರು. 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾಪ ಬಂದಾಗ ಬೀದಿಗಿಳಿದದ್ದು ಕಿಟು ಎಂದು ಕರೆಸಿಕೊಳ್ಳುವ ಅವರ ಯೂನಿಯನ್, ಪ್ರಸ್ತಾಪ ಮುಂದೆ ಹೋಗಲಿಲ್ಲ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, 1946ರ ಕಾಯ್ದೆ 25 ಎಂದಿದ್ದ ಜಾಗದಲ್ಲಿ, 51 ಇದೆ. ಶೇಕಡಾ 51ರಷ್ಟು ಸದಸ್ಯರಿರುವ ಯೂನಿಯನ್ನೇ ಚೌಕಾಸಿಗೆ ಕೂರಬೇಕು; ಯಾರಿಗೂ ಅಷ್ಟಿಲ್ಲದಿದ್ದರೆ 20 ಮುಟ್ಟಿದವರೆಲ್ಲ ಸೇರಿದ ಮಂಡಳಿ. 1946ಕ್ಕಿಂತ ಇದು ಮೇಲು. ಆದರೆ ಮುಷ್ಕರಕ್ಕೆ 14 ದಿನದ ನೋಟಿಸು ಎಲ್ಲರಿಗೂ ಬೇಕು, ಅರ್ಧದಷ್ಟು ಜನ ಒಂದೇ ದಿನ ರಜೆ ಹಾಕಿದರೆ ಅದೂ ಮುಷ್ಕರವೇ. 2017ರಲ್ಲಿ ವೈದ್ಯರು ಹಿಡಿದ ದಾರಿಯನ್ನು ಈಗ ಕಾರ್ಖಾನೆಯವರು ಹಿಡಿದರೆ ಕಾನೂನಿಗೆ ಸಿಕ್ಕಿಬೀಳುತ್ತಾರೆ. ಆ 51ನ್ನು ರಹಸ್ಯ ಮತಪೆಟ್ಟಿಗೆ ಇಟ್ಟು ಎಣಿಸಬೇಕೆಂದು ಸಂಹಿತೆ ಕಡ್ಡಾಯ ಮಾಡಿಲ್ಲ. ಬೆಸ್ಟ್‌ನ ಬಾಡಿಗೆ ಬಸ್ಸು ಓಡಿಸುವವರು ಒಂದೇ ಡಿಪೋದಿಂದ ಹೊರಟು ಒಂದೇ ರಸ್ತೆಯಲ್ಲಿ ಹೋದರೂ ಕಾಗದದ ಮೇಲೆ ಬೇರೆ ಬೇರೆ ಕಂಪನಿಗಳ ನೌಕರರು. ಪ್ರತಿಯೊಂದು ಕಂಪನಿಯಲ್ಲೂ ಅವರು ಬೇರೆಬೇರೆಯಾಗಿ 51 ಮುಟ್ಟಬೇಕು, ಅದೂ ಗುತ್ತಿಗೆಯ ಅವಧಿ ಮುಗಿದು ಬಸ್ಸಿನ ಮೇಲಿನ ಹೆಸರು ಬದಲಾಗುವ ಮೊದಲು.